ಮೆಸ್ಸಿ ಪ್ಲೇ ಮೊದಲ ಕ್ಲಾಸ್: ಆಟ 20 ನಿಮಿಷ, ತೊಳೆಯುವುದು ಎರಡೂವರೆ ಗಂಟೆ

ಕೆಸರುಗುಬ್ಬಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಒಂದು ಕೆಲಸ ಒಪ್ಪಿಕೊಂಡು ಕೂತಿದ್ದೇನೆ, ಈಗ ಕೈಕಾಲು ಆಡುತ್ತಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಹೊರಗೆ ಒಂದು ರೆಸಾರ್ಟಿನಲ್ಲಿ ಕಿಂಕ್ (ವಾಡಿಕೆಗೆ ಹೊರತಾದ ಕಾಮದಾಸೆಗಳ) ಕನ್ವೆನ್ಷನ್ ಇದೆ. ಅಲ್ಲಿ ಹೊಸಬರಿಗೆ ಮೆಸ್ಸಿ ಪ್ಲೇ ಬಗ್ಗೆ ಒಂದು ಕ್ಲಾಸ್ ಮಾಡಿಕೊಡಿ ಅಂದರು, ನಾನೂ ಹೂಂ ಅಂದೆ. 75 ನಿಮಿಷ, 30 ಜನ. ಎಲ್ಲರೂ ವಯಸ್ಕರು, ಗುರುತಿನ ಚೀಟಿ ನೋಡಿಯೇ ಒಳಗೆ ಬಿಡುತ್ತಾರೆ. ಕ್ಲಾಸಿನಲ್ಲಿ ಯಾರೂ ಬಟ್ಟೆ ಬಿಚ್ಚುವುದಿಲ್ಲ. ಹಳೇ ನೈಟಿ, ಹಳೇ ಟೀ ಶರ್ಟ್ ಸಾಕು.

ಗೊತ್ತಿಲ್ಲದವರಿಗೆ ಎರಡು ಮಾತು. ಮೆಸ್ಸಿ ಪ್ಲೇ ಅಂದರೆ ಮೈಮೇಲೆ ಏನಾದರೂ ಸುರಿದುಕೊಂಡು, ಮೆತ್ತಿಕೊಂಡು ಖುಷಿ ಪಡುವುದು. ಕಸ್ಟರ್ಡ್, ಕೇಕ್, ಕೆಸರು, ಬಣ್ಣ, ಲೋಳೆ, ಏನಾದರೂ ಸರಿ. ಹೊರದೇಶದವರು 'ವೆಟ್ ಅಂಡ್ ಮೆಸ್ಸಿ' ಅನ್ನುವುದನ್ನು ಚಿಕ್ಕದಾಗಿ 'ವ್ಯಾಮ್' ಅನ್ನುತ್ತಾರೆ, 'ಸ್ಪ್ಲೋಶಿಂಗ್' ಅಂತಲೂ ಅನ್ನುತ್ತಾರೆ. ಕೆಲವರಿಗೆ ಅದರಲ್ಲಿ ಕಾಮ ಇದೆ. ಕೆಲವರಿಗೆ ತಣ್ಣಗೆ ಮೈಮೇಲೆ ಜಾರುವುದೇ ಸಾಕು. ಇನ್ನು ಕೆಲವರಿಗೆ ಇಸ್ತ್ರಿ ಮಾಡಿದ ಅಂಗಿ ಹಾಳಾಗುವುದೇ ಮಜಾ.

ಹೋದ ಭಾನುವಾರ ನಮ್ಮ ಮನೆ ಟೆರೇಸ್ ಮೇಲೆ ಟ್ರಯಲ್ ಮಾಡಿದೆವು. ನಾನು, ನನ್ನ ಗಂಡ, ಒಬ್ಬಳು ಗೆಳತಿ. ನೀಲಿ ತಾಡಪತ್ರಿ ಹಾಸಿದ್ದೆವು. ಹಿಂದಿನ ರಾತ್ರಿಯೇ ಹತ್ತು ಲೀಟರ್ ಕಸ್ಟರ್ಡ್ ಕುದಿಸಿ ಬಕೆಟ್ಟಿನಲ್ಲಿ ಇಟ್ಟಿದ್ದೆ. ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆ ಚಪಾತಿ ದಪ್ಪ ಕೆನೆ. ಬೆರಳು ಹಾಕಿ ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು, ಅಡಿಯಿಂದ ತೊಟ್ಟಿಕ್ಕುತ್ತಾ. ಎರಡನೇ ಮಗ್ ಸುರಿದಾಗ ನಮ್ಮ ಯಜಮಾನರು ಏಳಲು ಹೋಗಿ ಜಾರಿ, ದಬ್ ಅಂತ ಕೂತರು. ನಕ್ಕೆವು. ಆಮೇಲೆ ನಗು ಬರಲಿಲ್ಲ, ಎರಡು ದಿನ ಸೊಂಟ ಹಿಡಿದುಕೊಂಡೇ ಓಡಾಡಿದರು.

ಆಟ ಆಡಿದ್ದು 20 ನಿಮಿಷ, ತೊಳೆದದ್ದು ಎರಡೂವರೆ ಗಂಟೆ. ಟೆರೇಸಿನ ಪೈಪ್ ಕಟ್ಟಿಕೊಂಡಿತು. ಪಕ್ಕದ ಮನೆ ಆಂಟಿ ಕಾಂಪೌಂಡಿನಿಂದ ಕತ್ತೆತ್ತಿ, "ಏನವ್ವಾ, ಹೋಳಿ ಮುಗಿದು ಏಳು ತಿಂಗಳಾತಲ್ಲ?" ಅಂದರು.

ನನ್ನ ಪ್ಲಾನ್ ಹೀಗಿದೆ: ಶುರುವಿಗೆ 15 ನಿಮಿಷ ಮಾತು, 45 ನಿಮಿಷ ಸುರಿದು ತೋರಿಸುವುದು, ಕೊನೆಗೆ 15 ನಿಮಿಷ ಪ್ರಶ್ನೆ. ತಪ್ಪು ಎಲ್ಲಿದೆ ಹೇಳಿ.

ರಾತ್ರಿಬಸ್ಸು

ಗುಬ್ಬಕ್ಕ, ತಪ್ಪು ನಿಮ್ಮ ಬರಹದಲ್ಲೇ ಇದೆ. 75 ನಿಮಿಷದಲ್ಲಿ ಒರೆಸುವುದಕ್ಕೆ ಒಂದು ನಿಮಿಷವೂ ಇಟ್ಟಿಲ್ಲ.

ಕೆಲವು ವರ್ಷದ ಹಿಂದೆ ಒಂದು ಊರಿನಲ್ಲಿ ಇಂಥದ್ದೇ ಕ್ಲಾಸಿಗೆ ಹೋಗಿದ್ದೆ. ಯಾವ ಊರು, ಯಾವ ಹೋಟೆಲ್ ಅಂತ ಬೇಡ. ಚೆನ್ನಾಗಿ ಹೇಳಿಕೊಟ್ಟರು. ಚಾಕೊಲೇಟ್ ಸಿರಪ್ ಅರ್ಧ ಕೋಣೆಗೆ ಹರಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರೂ ಸ್ನಾನಕ್ಕೆ ಹೋದರು. ರಾತ್ರಿ 11ಕ್ಕೆ ನಾನು ಚಾರ್ಜರ್ ಮರೆತು ವಾಪಸ್ ಹೋದರೆ, ಹೌಸ್‌ಕೀಪಿಂಗ್ ಹೆಂಗಸು ಒಬ್ಬರೇ ಮಂಡಿಯೂರಿ ಕೂತು ಕಾರ್ಪೆಟ್ ಉಜ್ಜುತ್ತಿದ್ದರು. ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ನಾನೂ ಬಗ್ಗಿ ಒಂದು ಬಟ್ಟೆ ತೆಗೆದುಕೊಂಡೆ. ಆದರೆ ಒಬ್ಬಳಿಂದ ಏನಾಗುತ್ತದೆ?

ನಾವು ಒಪ್ಪಿಗೆ ಒಪ್ಪಿಗೆ ಅಂತ ಬಾಯಿ ಬಡಿದುಕೊಳ್ಳುತ್ತೇವೆ. ಆ ಹೆಂಗಸನ್ನು ಯಾರು ಕೇಳಿದ್ದರು? ನಿಮ್ಮ ಕ್ಲಾಸಿನಲ್ಲಿ ಒರೆಸುವುದನ್ನೂ ಎಲ್ಲರ ಕೈಯಲ್ಲಿ ಮಾಡಿಸಿ. ಸುರಿದವರೇ ಬಳಿಯಬೇಕು. 20 ನಿಮಿಷ ಅದಕ್ಕೇ ಇಡಿ, ಕೊನೆಗೆ ಉಳಿದರೆ ನೋಡೋಣ ಅಂತ ಅಲ್ಲ.

ಇನ್ನೊಂದು. ಶುರುವಿನ ಮಾತಿನಲ್ಲಿ ಇತಿಹಾಸ ಹೇಳುತ್ತಾ ಕೂರಬೇಡಿ. 'ಸೇಫ್, ಸೇನ್, ಕಾನ್ಸೆನ್ಶುಯಲ್' (ಸುರಕ್ಷೆ, ವಿವೇಕ, ಒಪ್ಪಿಗೆ) ಅನ್ನುವ ಸೂತ್ರ 1983ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು, ಅಪಾಯ ತಿಳಿದೇ ಒಪ್ಪುವುದು ಅನ್ನುವ 'ರ್‍ಯಾಕ್' 1999ರಲ್ಲಿ ಬಂತು, ಎಲ್ಲ ಸರಿ. ಅದನ್ನು ಬೇರೆ ನಾಲ್ಕು ಕ್ಲಾಸಿನಲ್ಲಿ ಕೇಳಿಯೇ ಬಂದಿರುತ್ತಾರೆ. ನಿಮ್ಮ ಹತ್ತಿರ ಕಲಿಯಲು ಬರುವುದು ಕೂದಲಿನಿಂದ ಹಿಟ್ಟು ಹೇಗೆ ತೆಗೆಯುವುದು ಅಂತ.

ಹೊಸಬಳು

ಸುಮ್ನೆ ಓದುತ್ತಿದ್ದೆ, ಕೇಳದೆ ಇರಲು ಆಗುತ್ತಿಲ್ಲ. ಬೈಯಬೇಡಿ. ಇದರಲ್ಲಿ ಖುಷಿ ಎಲ್ಲಿಂದ ಬರುತ್ತದೆ? ನನಗೆ ಕೈಗೆ ಸಾರು ತಾಗಿದರೂ ತೊಳೆದುಕೊಳ್ಳಬೇಕು.

ಕೆಸರುಗುಬ್ಬಿ

ಬೈಯೋದು ಯಾಕಮ್ಮ, ಕ್ಲಾಸಿನಲ್ಲಿ ಮೊದಲು ಬರುವ ಪ್ರಶ್ನೆಯೇ ಇದು.

ನನ್ನ ಮಟ್ಟಿಗೆ ಹೇಳುತ್ತೇನೆ. ನಮ್ಮ ಅಜ್ಜಿ ಮಡಿ ಹೆಂಗಸು. "ಮುಟ್ಟಬೇಡ, ತುಳೀಬೇಡ, ಲಂಗ ಕೊಳೆ ಮಾಡ್ಕೋಬೇಡ" ಕೇಳಿಕೊಂಡೇ ಬೆಳೆದವಳು ನಾನು. ವರ್ಷಕ್ಕೆ ಎರಡೇ ದಿನ ರಜೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮಾರನೇ ದಿನ ನೆತ್ತಿಯಿಂದ ಎಣ್ಣೆ ಇಳಿಸಿ, ಅರ್ಧ ಗಂಟೆ ಜಿಡ್ಡು ಮೈಯಲ್ಲಿ ಓಡಾಡಲು ಬಿಡುತ್ತಿದ್ದರು. ಇನ್ನೊಂದು ಹೋಳಿ. ನಮ್ಮೂರಿನ ಹೋಳಿ ಗೊತ್ತಲ್ವಾ, ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಆ ದಿನ ಯಾರ ಮುಖ ಯಾರದು ಅಂತ ಗೊತ್ತಾಗುವುದಿಲ್ಲ. ಆ ಎರಡು ದಿನ ಬೈಯುವವರೇ ಇಲ್ಲ. ನನಗೆ ಬೇಕಾಗಿದ್ದು ಆ ಬೈಗುಳ ಇಲ್ಲದ ಅರ್ಧ ಗಂಟೆ. ಕಸ್ಟರ್ಡ್ ಬರೀ ನೆಪ.

ನಿಮಗೆ ಇಷ್ಟ ಆಗದಿದ್ದರೆ ಅದೂ ಸರಿ. ಕ್ಲಾಸಿಗೆ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನೋಡಬಹುದು. ಒಣ ಮೂಲೆ ಅಂತಲೇ ಒಂದು ಇಡುತ್ತೇನೆ, ಅಲ್ಲಿಗೆ ಒಂದು ಹನಿ ಬೀಳುವಂತಿಲ್ಲ.

ಮೆಕ್ಕೆತೆನೆ

ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಕ್ಷಮಿಸಿ ಅಕ್ಕ.

ನಮ್ಮ ಹೊಲ ಭದ್ರಾ ನಾಲೆಯ ಕೊನೇ ಭಾಗದಲ್ಲಿದೆ. ನೀರು ನಮ್ಮ ತನಕ ಬಂದರೆ ಭತ್ತ, ಬರದಿದ್ದರೆ ಮೆಕ್ಕೆಜೋಳ. ನಮ್ಮವ್ವ ನೆಲದ ಮೇಲೆ ಬಿದ್ದ ಅನ್ನದ ಅಗುಳನ್ನು ಈಗಲೂ ಹೆಕ್ಕಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾಳೆ. ಹತ್ತು ಲೀಟರ್ ಹಾಲಿನ ಕಸ್ಟರ್ಡ್ ಮೋರಿಗೆ ಹೋಯಿತು ಅಂತ ಓದಿದಾಗ ನನಗೆ ಹೊಟ್ಟೆ ಕಿವುಚಿತು. ನನಗೂ ಈ ಆಟ ಇಷ್ಟ. ಕೆರೆ ಕೆಸರಿನಲ್ಲಿ ಬಿದ್ದು ಹೊರಳಾಡಿ ಬೆಳೆದವನು. ಆದರೆ ಅನ್ನವನ್ನು ತುಳಿಯಲು ನನ್ನ ಕೈಲಾಗದು. ನನ್ನಂಥವರು ಆ 30 ಜನರಲ್ಲಿ ಹತ್ತು ಮಂದಿಯಾದರೂ ಇರುತ್ತಾರೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಮುಂದಿನ ಸಲ ಬರುವುದಿಲ್ಲ ಅಷ್ಟೆ.

ಏಳುಸುತ್ತು (ಚಿತ್ರದುರ್ಗ)

ತಮ್ಮಾ, ಮದುವೆ ಮನೆಯಲ್ಲಿ ಎಲೆಯಲ್ಲಿ ಬಿಟ್ಟು ಏಳುವ ಅನ್ನ ಎಷ್ಟು ಅಂತ ನೋಡಿದ್ದೀಯಾ? ಅದಕ್ಕೆ ಯಾರ ಹೊಟ್ಟೆಯೂ ಕಿವುಚುವುದಿಲ್ಲ.

ಮೆಕ್ಕೆತೆನೆ

ನನ್ನ ಹೊಟ್ಟೆ ಅದಕ್ಕೂ ಕಿವುಚುತ್ತದೆ ಅಣ್ಣ. ಅಲ್ಲಿ ತಪ್ಪು ನಡೆಯುತ್ತದೆ ಅಂತ ಇಲ್ಲೂ ಮಾಡಬೇಕಾ?

ಏಳುಸುತ್ತು (ಚಿತ್ರದುರ್ಗ)

ಸರಿ, ಒಪ್ಪಿದೆ. ನಾನು ಅನ್ನದ ಲೆಕ್ಕದಲ್ಲಿ ಸೋತೆ, ನೀರಿನ ಲೆಕ್ಕಕ್ಕೆ ಬರುತ್ತೇನೆ. ಅದರಲ್ಲಿ ನಮ್ಮೂರಿನವರನ್ನು ಮೀರಿಸಲು ಆಗುವುದಿಲ್ಲ.

ಮೆಸ್ಸಿ ಪ್ಲೇ ಮಾಡಿ ನೇರ ಶವರ್ ಕೆಳಗೆ ನಿಲ್ಲುವುದು ಮೂರ್ಖತನ. ಮೊದಲು ಕೆರೆದು ತೆಗೆಯಬೇಕು. ದೋಸೆ ತಿರುವಿಹಾಕುವ ಚಪ್ಪಟೆ ಪ್ಲಾಸ್ಟಿಕ್ ಸೌಟು ತೆಗೆದುಕೊಂಡು ತೋಳಿನ ಮೇಲಿಂದ ಕೆಳಗೆ ಒಂದೇ ಸಲ ಎಳೆಯಿರಿ. ಮುಕ್ಕಾಲು ಭಾಗ ಅಲ್ಲೇ ಬಕೆಟ್ಟಿಗೆ ಬೀಳುತ್ತದೆ. ಆಮೇಲೆ ಹಳೇ ಲುಂಗಿ ಬಟ್ಟೆಯಲ್ಲಿ ಒರೆಸಿ. ಮೂರನೆಯದು ನೀರು. ಹೀಗೆ ಮಾಡಿದರೆ ಒಬ್ಬರಿಗೆ ಎರಡು ಬಕೆಟ್ ಸಾಕು. ಕೆರೆದಿದ್ದನ್ನು ಮೋರಿಗೆ ಹಾಕಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಮೆಕ್ಕೆತೆನೆಗೂ ಸ್ವಲ್ಪ ಸಮಾಧಾನ.

ತಾಡಪತ್ರಿ ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಹಾಸಿ. ಬರೀ ಪ್ಲಾಸ್ಟಿಕ್ ಒದ್ದೆಯಾದರೆ ಬಂಡೆಯ ಮೇಲಿನ ಪಾಚಿಗಿಂತ ಕಡೆ. ನಿಮ್ಮ ಯಜಮಾನರ ಸೊಂಟಕ್ಕೆ ನನ್ನ ಸಂತಾಪ.

ಗಂಜಿನೂಲು

ನಮ್ಮಪ್ಪ ದಾವಣಗೆರೆಯ ಒಂದು ಕಾಟನ್ ಮಿಲ್ಲಿನಲ್ಲಿ ಸೈಜಿಂಗ್ ಕೆಲಸಕ್ಕಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಸೈಜಿಂಗ್ ಅಂದರೆ ಮಗ್ಗಕ್ಕೆ ಹೋಗುವ ಮೊದಲು ಹಾಸಿನ ನೂಲಿಗೆ ಗಂಜಿ ಹಿಡಿಸುವುದು, ನೂಲು ಹರಿಯಬಾರದು ಅಂತ. ಸಂಜೆ ಮನೆಗೆ ಬಂದರೆ ಮೊಣಕೈ ತನಕ ಒಣಗಿದ ಗಂಜಿಯ ಪದರ. ನಾನು ಉಗುರಿನಲ್ಲಿ ಬಿಡಿಸಿಕೊಡುತ್ತಿದ್ದೆ, ಹಾವಿನ ಪೊರೆ ಹಾಗೆ ಏಳುತ್ತಿತ್ತು. ನನಗೆ ಈ ಹುಚ್ಚು ಅಲ್ಲಿಂದಲೇ ಹತ್ತಿತೋ ಏನೋ, ಗೊತ್ತಿಲ್ಲ.

ಅಪ್ಪ ಹೇಳುತ್ತಿದ್ದ ಒಂದು ಮಾತು ಕ್ಲಾಸಿಗೆ ಬೇಕು. ಹಿಟ್ಟು ಹತ್ತಿದ್ದರೆ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಹಸಿ ಹಿಟ್ಟು ಅಲ್ಲೇ ಬೆಂದು ಅಂಟಾಗುತ್ತದೆ. ಮೊಟ್ಟೆಯೂ ಹಾಗೇ, ತಲೆಗೆ ಬಿಸಿನೀರು ಹಾಕಿದರೆ ಕೂದಲಲ್ಲಿ ಆಮ್ಲೆಟ್. ಎಣ್ಣೆ, ಬೆಣ್ಣೆಗೆ ಮಾತ್ರ ಉಲ್ಟಾ: ಒಣ ಕಡಲೆಹಿಟ್ಟು ಉಜ್ಜಿ ಜಿಡ್ಡು ಹೀರಿಸಿ, ಆಮೇಲೆ ಬೆಚ್ಚಗಿನ ನೀರು. ಅಜ್ಜಿಯರಿಗೆಲ್ಲ ಗೊತ್ತಿದ್ದದ್ದೇ.

ಪದಾರ್ಥದ ವಿಚಾರಕ್ಕೆ ಬಂದರೆ, ಮೀಥೈಲ್ ಸೆಲ್ಯುಲೋಸ್ ಅಂತ ಒಂದು ಪುಡಿ ಸಿಗುತ್ತದೆ. ಸಸ್ಯದ ನಾರಿನಿಂದ ಮಾಡುವುದು. ಟೀವಿ ಆಟಗಳಲ್ಲಿ ತಲೆ ಮೇಲೆ ಸುರಿಯುವ ಲೋಳೆ ಬಹಳ ಸಲ ಇದೇ. ಲೀಟರಿಗೆ ಸುಮಾರು 20 ಗ್ರಾಂ ಸಾಕಾಗುತ್ತದೆ, ಗ್ರೇಡ್ ಮೇಲೆ ಹೆಚ್ಚುಕಮ್ಮಿ. ಇದರ ಸ್ವಭಾವ ವಿಚಿತ್ರ: ಬಿಸಿನೀರಿನಲ್ಲಿ ಕರಗುವುದಿಲ್ಲ, ತಣ್ಣೀರಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಪುಡಿ ಕದಡಿ, ಮೇಲೆ ತಣ್ಣೀರು ಹಾಕಿ ಕಲಕುತ್ತಾ ಇರಬೇಕು. ಇಲ್ಲದಿದ್ದರೆ ರಾಗಿ ಮುದ್ದೆ ಗಂಟಾದ ಹಾಗೆ ಗಂಟಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಗಾಜಿನಂತೆ ತಿಳಿಯಾದ ಲೋಳೆ. ತಣ್ಣೀರಿಗೆ ಬಿಟ್ಟು ಹೋಗುತ್ತದೆ, ಹಾಲೂ ಇಲ್ಲ, ಅನ್ನವೂ ಇಲ್ಲ.

ಹೊಸಬಳು

ಬೆಣ್ಣೆ? ದಾವಣಗೆರೆಯವರು ಕ್ಲಾಸ್ ಮಾಡಿ ಬೆಣ್ಣೆ ಇಲ್ಲ ಅಂದರೆ ಹೇಗೆ 😀

ಕೆಸರುಗುಬ್ಬಿ

ಬೆಣ್ಣೆ ದೋಸೆ ಮೇಲಿರಲಿ ತಾಯಿ. ಮೈ ಬಿಸಿಗೆ ಕರಗಿ ಎಣ್ಣೆಯಾಗುತ್ತದೆ, ನೆಲ ಹಿಡಿತಕ್ಕೆ ಸಿಗುವುದಿಲ್ಲ, ವಾಸನೆ ಮೂರು ದಿನ. ರೇಟು ಕೇಳಿದರೆ ಇನ್ನೊಂದು ಸಲ ಜಾರಿ ಬೀಳುತ್ತೀರಿ.

ಬಿಳಿಕೋಟು

ನಾನು ನರ್ಸ್. ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಒರಟಾಗಿದ್ದರೆ ಕ್ಷಮಿಸಿ.

ಮೊದಲು ಅಲರ್ಜಿ. ಹೆಸರು ನೋಂದಾಯಿಸುವಾಗಲೇ ಕೇಳಿ: ಶೇಂಗಾ, ಹಾಲು, ಮೊಟ್ಟೆ, ಗೋಧಿ. ಒಬ್ಬರಿಗೆ ಶೇಂಗಾ ಆಗದಿದ್ದರೂ ಆ ಕೋಣೆಯೊಳಗೆ ಶೇಂಗಾ ಬೇಡವೇ ಬೇಡ. ತುಟಿ ಊದಿತು, ಉಸಿರು ಕಟ್ಟಿತು ಅಂದರೆ ತಲೆಗೊಂದು ಸಲಹೆ ಕೇಳುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಮುಖದ ಮೇಲೆ ಸುರಿಯುವುದು ಮೊದಲ ಕ್ಲಾಸಿಗೆ ಬೇಡ. ತೋರಿಸಲೇಬೇಕು ಅಂದರೆ ಕೂರಿಸಿ, ತಲೆ ಸ್ವಲ್ಪ ಮುಂದೆ ಬಗ್ಗಿಸಿ, ನೆತ್ತಿಯ ಹಿಂದಿನಿಂದ ನಿಧಾನವಾಗಿ. ಮೂಗು ಬಾಯಿ ಒರೆಸಲು ಇನ್ನೊಬ್ಬರು ಟವೆಲ್ ಹಿಡಿದು ಪಕ್ಕದಲ್ಲೇ ಇರಬೇಕು. ಒಣ ಹಿಟ್ಟು, ಟಾಲ್ಕಂ ಪೌಡರ್ ಮುಖದ ಹತ್ತಿರ ಎರಚಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಗ್ಲಿಟರ್ ಕಣ್ಣಿಗೆ ಬಿದ್ದರೆ ಗೀರುತ್ತದೆ. ಹಸಿ ಮೊಟ್ಟೆ ಬಾಯಿಗೆ ಹೋದರೆ ಸಾಲ್ಮೊನೆಲ್ಲಾ ಭಯ ಇದೆ. ಸಕ್ಕರೆ, ಜೇನು, ಬೆಲ್ಲ ಇವು ಸೊಂಟದ ಕೆಳಗೆ ಬೇಡ, ಫಂಗಸ್ ಸೋಂಕಿಗೆ ದಾರಿ. ಬೆಲ್ಲದ ಪಾಕ ಬಿಸಿ ಇದ್ದರಂತೂ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಅಂಟಿಕೊಂಡೇ ಸುಡುತ್ತದೆ. ಎಣ್ಣೆ ಬೆಣ್ಣೆ ತಾಗಿದರೆ ಲೇಟೆಕ್ಸ್ ಕಾಂಡೋಮ್, ಗ್ಲೌಸ್ ಹರಿಯುತ್ತವೆ. ಇದನ್ನು ನಾಚಿಕೊಳ್ಳದೆ ಹೇಳಿ.

ಓಕುಳಿ ಮಾಡೋಣ ಅಂತ ಯಾರಾದರೂ ಹೊರಟರೆ: ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು ಚೆನ್ನಾಗಿ ಬರುತ್ತದೆ ನಿಜ. ಆ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣನ್ನೇ ತಿನ್ನುತ್ತದೆ. ಏನೇ ಬಿದ್ದರೂ 15 ನಿಮಿಷ ಬಿಡದೆ ಶುದ್ಧ ನೀರಿನಲ್ಲಿ ತೊಳೆಯಬೇಕು, ಸುಣ್ಣವಾದರೆ ತೊಳೆದು ನೇರ ಆಸ್ಪತ್ರೆಗೆ.

ಹೊಲದ ಕೆಸರು ಬೇಕು ಅನ್ನುವವರಿಗೆ: ಅದರಲ್ಲಿ ಗಾಜಿನ ಚೂರು, ಮುಳ್ಳು, ಔಷಧಿ ಹೊಡೆದ ಉಳಿಕೆ ಇರುತ್ತದೆ. ಗಾಯ ಇದ್ದರೆ ಧನುರ್ವಾಯು. ಮುಲ್ತಾನಿ ಮಿಟ್ಟಿ ತೆಗೆದುಕೊಳ್ಳಿ. ಮತ್ತೆ, ಡಿಸೆಂಬರ್ ಅಂದಿರಿ. ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ಲೋಳೆಯ ಬಕೆಟ್ಟನ್ನು ಬಿಸಿನೀರಿನ ಟಬ್ಬಿನಲ್ಲಿ ಇಟ್ಟು ಮೈ ಬಿಸಿಗೆ ತನ್ನಿ. ಯಾರಾದರೂ ನಡುಗಿದರೆ ಆಟ ಮುಗಿಯಿತು.

ರಾತ್ರಿಬಸ್ಸು

ಈ ಪೋಸ್ಟನ್ನು ಹಾಗೇ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ.

ಸೇಫ್ ವರ್ಡ್, ಅಂದರೆ ಆಟ ನಿಲ್ಲಿಸಲು ಹೇಳುವ ಪದ, ಏನು ಇಡುತ್ತೀರಿ? ಕೆಂಪು, ಹಳದಿ ಎಲ್ಲ ಕಡೆ ಇರುವುದೇ. ಕನ್ನಡದ್ದು ಒಂದು ಇದ್ದರೆ ಚೆನ್ನ.

ಹೊಸಬಳು

"ಸಾಕು" ಅಂದರೆ ಸಾಲದಾ?

ಏಳುಸುತ್ತು (ಚಿತ್ರದುರ್ಗ)

ಸಾಲದು! ನಮ್ಮ ಕಡೆ ಊಟಕ್ಕೆ ಕೂತು ಯಾವತ್ತಾದರೂ "ಸಾಕು" ಅಂದಿದ್ದೀರಾ? ಸಾಕು ಅಂದ ಮೇಲೆ ಇನ್ನೂ ಒಂದು ಸೌಟು ಬೀಳುತ್ತದೆ. "ಬೇಡ ಬೇಡ" ಅಂದರೆ ಎರಡು. ಕನ್ನಡದಲ್ಲಿ ಅತ್ಯಂತ ನಂಬಿಕೆಗೆ ಅರ್ಹವಲ್ಲದ ಪದ ಅದು. ಸೇಫ್ ವರ್ಡ್ "ಮಂಡಕ್ಕಿ" ಅಂತ ಇಡಿ, ಆಟದ ನಡುವೆ ಬಾಯಿ ತಪ್ಪಿ ಯಾರೂ ಅನ್ನುವುದಿಲ್ಲ.

ಮೆಕ್ಕೆತೆನೆ

ದಾವಣಗೆರೆಯಲ್ಲಿ ಮಂಡಕ್ಕಿ ಅನ್ನದೆ ಒಂದು ಗಂಟೆ ಯಾರು ಇರುತ್ತಾರೆ ಅಣ್ಣ?

ತಮಾಷೆ ಬಿಡಿ. ಬಾಯಿ ತುಂಬ ಲೋಳೆ ಇದ್ದರೆ ಯಾವ ಪದವೂ ಬರುವುದಿಲ್ಲ. ಊಟದಲ್ಲಿ ಸಾಕು ಅಂದರೆ ಕೇಳುವುದಿಲ್ಲ, ನಿಜ. ಆದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ? ಎಂಥಾ ಬಡಿಸುವವನೂ ಕೈ ಮೇಲೆ ಸಾರು ಹುಯ್ಯುವುದಿಲ್ಲ, ಮುಂದಿನ ಎಲೆಗೆ ಹೋಗುತ್ತಾನೆ. ನಮ್ಮವರಿಗೆ ಹೇಳಿಕೊಡಬೇಕಾದ್ದೇ ಇಲ್ಲ, ಕೈಗೆ ಬಂದುಬಿಟ್ಟಿದೆ. ಅದನ್ನೇ ಇಡಿ.

ಕೆಸರುಗುಬ್ಬಿ

ಮೆಕ್ಕೆತೆನೆ, ನಿಮ್ಮ ಬೈಗುಳ ಎಲ್ಲ ಮಾಫಿ. ಇದನ್ನು ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಕೈ ಅಡ್ಡ ಹಿಡಿದು ನೋಡಿದೆ. ಸುರಿಯುವವರು ಎದುರಿಗೇ ಇರುತ್ತಾರೆ, ಕಾಣದೆ ಇರಲು ಸಾಧ್ಯವಿಲ್ಲ. ಕಣ್ಣು ಮುಚ್ಚಿಕೊಂಡವರೂ ಮಾಡಬಹುದು. ಬಾಯಿ ಮಾತಿಗೆ "ಕೆಂಪು" ಇರಲಿ, ಅದರ ಜೊತೆ ಇದು.

ವಕೀಲ್‌ಸಾಬ್

ಎರಡು ಸಾಲು. ಬಾಗಿಲು ಹಾಕಿದ ಖಾಸಗಿ ಜಾಗದಲ್ಲಿ ವಯಸ್ಕರು ಒಪ್ಪಿ ಮಾಡುವುದು ಬೇರೆ, ಈಜುಕೊಳದ ಪಕ್ಕ ಬೇರೆ ಅತಿಥಿಗಳಿಗೆ ಕಾಣುವ ಹಾಗೆ ಮಾಡುವುದು ಬೇರೆ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ವರ್ತನೆ ಅಂತ ದೂರು ಬಂದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಇದೆ. ಕಿಟಕಿಗೆ ಪರದೆ ಇದೆಯಾ ನೋಡಿ. ಮೊಬೈಲ್ ಎಲ್ಲ ಹೊರಗೆ ಬುಟ್ಟಿಯಲ್ಲಿ. ಯಾರದೋ ಒದ್ದೆ ಮೈಯ ಫೋಟೊ ವಾಟ್ಸಾಪಿಗೆ ಹೋದರೆ ಕೋರ್ಟಿಗಿಂತ ಮೊದಲು ಅವರ ಮನೆಗೆ ಮುಟ್ಟುತ್ತದೆ.

ಕೆಸರುಗುಬ್ಬಿ

ಪ್ಲಾನ್ ತಿದ್ದಿ ಬರೆದಿದ್ದೇನೆ. ಮೊದಲ 15 ನಿಮಿಷ ಅಲರ್ಜಿ, ಜಾರುವ ನೆಲ, ಕೈ ಅಡ್ಡ ಹಿಡಿಯುವ ಅಭ್ಯಾಸ. ಅಭ್ಯಾಸ ಅಂದರೆ ನಿಜವಾದ ಅಭ್ಯಾಸ: ಇಬ್ಬಿಬ್ಬರು ಎದುರುಬದುರು ಕೂತು, ಖಾಲಿ ಮಗ್ ಹಿಡಿದು ಸುರಿದ ಹಾಗೆ ಮಾಡುವುದು, ನಿಲ್ಲಿಸುವುದು. ಆಮೇಲೆ ನನ್ನ ಗಂಡನ ಮೇಲೆ ಡೆಮೊ, 10 ನಿಮಿಷ ಸಾಕು, ಅವರೂ ಅಷ್ಟೇ ಒಪ್ಪಿದ್ದು. ಆಮೇಲೆ 20 ನಿಮಿಷ ಬೇಕಾದವರು ಮೊಣಕೈವರೆಗೆ ಮಾತ್ರ ಆಡಬಹುದು. ಒಂದು ತಟ್ಟೆಯಲ್ಲಿ ಲೋಳೆ, ಒಂದರಲ್ಲಿ ಮುಲ್ತಾನಿ ಮಿಟ್ಟಿ, ಒಂದರಲ್ಲಿ ಮೆಕ್ಕೆಜೋಳದ ಪಿಷ್ಟ. ಎರಡು ಪಾಲು ಪಿಷ್ಟಕ್ಕೆ ಒಂದು ಪಾಲು ನೀರು ಹಾಕಿದರೆ ಗುದ್ದಿದಾಗ ಗಟ್ಟಿ, ಬಿಟ್ಟಾಗ ನೀರು, ಅದನ್ನು ನೋಡಿಯೇ ಅರ್ಧ ಜನ ಮಕ್ಕಳಾಗುತ್ತಾರೆ. ಕೊನೆಯ 30 ನಿಮಿಷದಲ್ಲಿ ಸೌಟು, ಲುಂಗಿ ಬಟ್ಟೆ, ತಣ್ಣೀರು, ನೆಲ. ಪ್ರಶ್ನೆ ಕೇಳುವವರು ಒರೆಸುತ್ತಲೇ ಕೇಳಲಿ.

ಪಿಷ್ಟವೂ ಆಹಾರವೇ ಅಲ್ವಾ ಅಂತ ಮೆಕ್ಕೆತೆನೆ ಕೇಳುವ ಮೊದಲೇ ಹೇಳುತ್ತೇನೆ: ಅರ್ಧ ಕೆಜಿ, ಅಷ್ಟೇ. ಹಾಲು, ಅನ್ನ, ಮೊಟ್ಟೆ ಕ್ಲಾಸಿಗೆ ಬರುವುದಿಲ್ಲ. ಮನೆಯಲ್ಲಿ ಅವರವರ ಇಷ್ಟ. ಹೌಸ್‌ಕೀಪಿಂಗ್‌ನವರಿಗೆ ಮೊದಲೇ ಫೋನ್ ಮಾಡಿ, ಆ ಕೋಣೆಗೆ ಮಾರನೇ ದಿನ ಬೆಳಗ್ಗೆವರೆಗೆ ಯಾರೂ ಬರಬೇಕಾಗಿಲ್ಲ, ನಾವೇ ತೊಳೆದು ಕೊಡುತ್ತೇವೆ ಅಂತ ಹೇಳಿದ್ದೇನೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ನೀವೇನಾ ಮೇಡಂ?" ಅಂತ ಇನ್ನೊಂದು ಸಲ ಕೇಳಿದರು.

ಎರಡನೇ ಟ್ರಯಲ್ ಶುಕ್ರವಾರ. ಗುರುವಾರ ನಮ್ಮ ಬೀದಿಗೆ ನಲ್ಲಿ ನೀರು ಬಿಡುತ್ತಾರೆ, ಡ್ರಮ್ಮು ತುಂಬಿರುತ್ತದೆ. ಬರುವವರು ಹೇಳಿ. ಹಳೇ ತಾಡಪತ್ರಿ ಕಸ್ಟರ್ಡಿನ ದಿನವೇ ಹರಿದುಹೋಯಿತು, ಹೊಸದು ತರಬೇಕು.

ಹೊಸಬಳು

ನಾನು ಬರುತ್ತೇನೆ. ಒಣ ಮೂಲೆಗೆ. ಟವೆಲ್ ಹಿಡಿಯುವ ಕೆಲಸ ಕೊಡಿ.

ಮೆಕ್ಕೆತೆನೆ

ತಾಡಪತ್ರಿ ಕೊಳ್ಳಬೇಡಿ ಅಕ್ಕ, ನಮ್ಮ ಮನೆಯಿಂದ ತರುತ್ತೇನೆ. ದೊಡ್ಡದಿದೆ, ಇಡೀ ಟೆರೇಸ್ ಮುಚ್ಚುತ್ತದೆ. ಆದರೆ ಶನಿವಾರ ಬೆಳಗ್ಗೆ ತೊಳೆದು ಒಣಗಿಸಿ ವಾಪಸ್ ಬೇಕು. ತೆನೆ ಮುರಿದಾಗಿದೆ, ಕಾಳು ಹರವಬೇಕು. ಅವ್ವ ಕೇಳಿದರೆ ಯಾರದೋ ಮನೆಯಲ್ಲಿ ಸೀಮಂತ ಇತ್ತು ಅಂತ ಹೇಳುತ್ತೇನೆ.